ರೈಲುಗಾಡಿಯ ನಾದ: ಅನುಕರಣೆಯಿಂದ ಸಾಕ್ಷ್ಯಕ್ಕೆ

ಮಧುರವಾದ ನಾದವನ್ನು ಸ್ವೀಕರಿಸಿ ಕರ್ಕಶವಾದ ಸದ್ದನ್ನು ಹೊಸ್ತಿಲಿನಾಚೆಗೆ ನಿಲ್ಲಿಸುವುದು ಸಂಗೀತದ ಹಳೆಯ ವಾಡಿಕೆ. ಇಪ್ಪತ್ತನೆಯ ಶತಮಾನದಲ್ಲಿ ಆ ಹೊಸ್ತಿಲನ್ನು ದಾಟಿದ ಸದ್ದುಗಳಲ್ಲಿ ರೈಲುಗಾಡಿಯದು ಮುಖ್ಯವಾದುದು. ಅದು ಒಳಬಂದ ಬಗೆಯನ್ನು ಪಾಶ್ಚಾತ್ಯರ ಮೂರು ಕೃತಿಗಳ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯದು ಅನುಕರಣೆಯ ಘಟ್ಟ. ಆರ್ತ್ಯೂರ್ ಹೊನೆಗರ್ ಅವರು 1923ರಲ್ಲಿ ‘ಪೆಸಿಫಿಕ್ 231’ ಎಂಬ ವಾದ್ಯವೃಂದದ ಕೃತಿಯನ್ನು ರಚಿಸಿದರು. ಅದು ಒಂದು ಜಾತಿಯ ಉಗಿಯಂತ್ರದ ಹೆಸರು. ನಿಂತ ಬಂಡಿ ಹೊರಟು ವೇಗವನ್ನು ಕೂಡಿಸಿಕೊಳ್ಳುವಂತೆ ಕೇಳುವವರಿಗೆ ಭಾಸವಾಗುತ್ತದೆ. ವಾಸ್ತವವಾಗಿ ಲಯದ ಮಿಡಿತವು ನಿಧಾನವಾಗುತ್ತ ಹೋಗುತ್ತದೆ. ಒಂದೊಂದು ಮಿಡಿತದಲ್ಲಿ ಅಡಗುವ ಸ್ವರಗಳು ಮಾತ್ರ ಹೆಚ್ಚುತ್ತವೆ. ತಾಳವನ್ನು ಕದಲಿಸದೆ ಎರಡನೆಯ, ಮೂರನೆಯ ಕಾಲಗಳಲ್ಲಿ ಹಾಡುವ ನಮ್ಮ ಕ್ರಮವನ್ನು ಬಲ್ಲವರಿಗೆ ಈ ಚಮತ್ಕಾರವು ತೀರ ಅಪರಿಚಿತವೆನಿಸದು. ಆದರೆ ಇಲ್ಲಿ ಬಂಡಿಯ ನಿಜವಾದ ಸದ್ದು ಲವಲೇಶವೂ ಇಲ್ಲ.

ಆ ಸದ್ದನ್ನೇ ಸಂಗೀತದ ದ್ರವ್ಯವನ್ನಾಗಿ ಮಾಡಿದವರು ಫ್ರಾನ್ಸಿನ ರೇಡಿಯೋ ಇಂಜಿನಿಯರ್ ಪಿಯೆರ್ ಶೆಫೆರ್. 1948ರಲ್ಲಿ ಪ್ಯಾರಿಸ್ಸಿನ ಬಾತಿನ್ಯೋಲ್ ನಿಲ್ದಾಣದಲ್ಲಿ ಉಗಿಯಂತ್ರಗಳ ಸದ್ದನ್ನು ಅವರು ತಟ್ಟೆಗಳ ಮೇಲೆ ಮುದ್ರಿಸಿಕೊಂಡರು. ತಟ್ಟೆಯ ಗೀರು ಸುರುಳಿಯಾಗಿ ಮುಂದುವರಿಯದೆ ತನ್ನ ಮೊದಲನ್ನೇ ಬಂದು ಸೇರಿದರೆ ಒಂದೇ ಸದ್ದು ಮರಳಿ ಮರಳಿ ಮೊಳಗುತ್ತದೆ. ಆ ಆವರ್ತನದಿಂದ ಲಯವು ಹುಟ್ಟುತ್ತದೆ. ಹೀಗೆ ಸಿದ್ಧವಾದ, ಸುಮಾರು 3 ನಿಮಿಷಗಳ ಕೃತಿಯು ಅದೇ ವರ್ಷದ ಅಕ್ಟೋಬರ್ 5ರಂದು ಬಾನುಲಿಯಲ್ಲಿ ಪ್ರಸಾರವಾಯಿತು. ಸದ್ದಿನ ಮೂಲವನ್ನು ಮರೆತು ಸದ್ದನ್ನಷ್ಟೇ ಆಲಿಸಬೇಕೆಂಬುದು ಶೆಫೆರ್ ಅವರು ಮುಂದೆ ಪ್ರತಿಪಾದಿಸಿದ ತತ್ತ್ವ. ಅದು ಸಾಧ್ಯವೆ? ರೈಲಿನಲ್ಲಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಬಂಡಿಯ ಸಿಳ್ಳು ಬರಿಯ ಸದ್ದಾಗಿ ಕೇಳಿಸಲಾರದು.

ಈ ಪ್ರಶ್ನೆಗೆ ಉತ್ತರವೆಂಬಂತಿದೆ ಅಮೆರಿಕದ ಸ್ಟೀವ್ ರೈಶ್ ಅವರ ‘ಡಿಫರೆಂಟ್ ಟ್ರೇನ್ಸ್’ (1988). ತಂದೆತಾಯಿಗಳು ಬೇರೆಯಾದುದರಿಂದ ಬಾಲಕ ರೈಶ್ 1939ರಿಂದ 1942ರವರೆಗೆ ನ್ಯೂಯಾರ್ಕಿಗೂ ಲಾಸ್ ಏಂಜಲೀಸಿಗೂ ನಡುವೆ ರೈಲಿನಲ್ಲಿ ಓಡಾಡುತ್ತಿದ್ದರು. ತಾವು ಯೆಹೂದಿ, ಯೂರೋಪಿನಲ್ಲಿ ಹುಟ್ಟಿದ್ದರೆ ಅದೇ ವರ್ಷಗಳಲ್ಲಿ ಬೇರೆಯೇ ರೈಲು ಹತ್ತಬೇಕಾಗುತ್ತಿತ್ತೆಂಬ ಅರಿವೇ ಕೃತಿಯ ಬೀಜ. ಮರಣಶಿಬಿರಗಳಿಂದ ಬದುಕಿ ಬಂದವರ ಮಾತು, ರೈಲುಗಳ ಮುದ್ರಿತ ಸದ್ದು, ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ—ಇವು ಅದರ ಸಾಮಗ್ರಿ. ಮಾತಿನ ಏರಿಳಿತವೇ ಸ್ವರವಾಗುತ್ತದೆ: ಹೆಂಗಸರ ಮಾತಿಗೆ ವಿಯೋಲಾ, ಗಂಡಸರ ಮಾತಿಗೆ ಚೆಲ್ಲೋ ದನಿಗೂಡಿಸುತ್ತವೆ. ಅಮೆರಿಕದ ಬಂಡಿಗಳ ಸಿಳ್ಳಿನಲ್ಲಿ ಷಡ್ಜ-ಮಧ್ಯಮ, ಷಡ್ಜ-ಪಂಚಮಗಳ ನೀಳವಾದ ಸಂವಾದವಿದೆ. ಯೂರೋಪಿನದು ಮೊಟಕಾದ ಚೀತ್ಕಾರ.

ಹೊನೆಗರ್ ವಾದ್ಯಗಳಿಂದ ಬಂಡಿಯನ್ನು ಚಿತ್ರಿಸಿದರು. ಶೆಫೆರ್ ವಾದ್ಯಗಳನ್ನು ಬಿಟ್ಟು ಬಂಡಿಯನ್ನೇ ನುಡಿಸಿದರು. ರೈಶ್ ಎರಡನ್ನೂ ಕೂಡಿಸಿ ಬಂಡಿಯೊಳಗಿದ್ದವರನ್ನು ನೆನೆದರು. ಮೂಲವನ್ನು ಕಳಚಿದ ಸದ್ದು ಶುದ್ಧನಾದವಾಗಬಹುದು. ಆದರೆ ಆ ಬಂಡಿ ಯಾರನ್ನು ಹೊತ್ತು ಎಲ್ಲಿಗೆ ಹೋಯಿತೆಂಬುದನ್ನು ಅದು ಹೇಳಲಾರದು.