ಡಬ್ಬಿಯ ಹೊರಗಿನ ಪಟ್ಟಿ

ಹುಬ್ಬಳ್ಳಿಗೆ ರೈಲು ಬಂದದ್ದು ಬರಗಾಲದ ಬೆನ್ನಿಗೆ. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಬಿಜಾಪುರ, ಧಾರವಾಡ, ಬಳ್ಳಾರಿ ಕಡೆಯ ಊರುಗಳು ಬರಿದಾದ ಮೇಲೆ, ಕಾಳು ಸಾಗಿಸಲು ಈ ಭಾಗಕ್ಕೆ ಹಳಿ ಬೇಕು ಎಂಬ ಮಾತು ಗಟ್ಟಿಯಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಗದಗಿನಿಂದ ಬಿಜಾಪುರದ ಮೇಲೆ ಹೋಟಗಿಗೆ, ಹುಬ್ಬಳ್ಳಿಯಿಂದ ಧಾರವಾಡ, ಲೋಂಡಾ ದಾಟಿ ಕ್ಯಾಸಲ್‌ರಾಕ್‌ಗೆ, ಅಲ್ಲಿಂದ ಘಟ್ಟ ಇಳಿದು ಪೋರ್ಚುಗೀಸರ ಮುರ್ಮುಗೋವಾ ಬಂದರಿಗೆ ಒಂದು ಮೀಟರ್ ಅಗಲದ ಹಳಿ ಬಿತ್ತು. ಇದೆಲ್ಲ ಆ ದಶಕ ಮುಗಿಯುವುದರೊಳಗೆ ಆದದ್ದು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಎದ್ದದ್ದೂ ಅದೇ ದಶಕದಲ್ಲಿ.

ನಮ್ಮಪ್ಪ ಆ ಕಾರ್ಖಾನೆಯ ಕ್ಯಾರೇಜ್ ಶಾಪಿನಲ್ಲಿ ಬಡಗಿಯಾಗಿದ್ದರು. ನಾನು ಬಸ್ಸಿನ ಬಾಡಿ ಕೆಲಸ ಮಾಡಿ ನಿವೃತ್ತನಾದವನು. ಈ ಊರಿನ ರೈಲಿನ ಇತಿಹಾಸ ಬರೆದವರು ಎಂಜಿನ್ನುಗಳ ಬಗ್ಗೆ ಬರೆದರು, ಮುಷ್ಕರಗಳ ಬಗ್ಗೆ ಬರೆದರು, ಈಚೆಗೆ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಬಗ್ಗೆಯೂ ಬರೆದರು. ಡಬ್ಬಿಯ ಹೊರಮೈಗೆ ಹೊಡೆದ ಎರಡು ಬೆರಳಗಲದ ಪಟ್ಟಿಯ ಬಗ್ಗೆ ಬರೆದದ್ದನ್ನು ನಾನು ನೋಡಿಲ್ಲ. ಒಂದು ಡಬ್ಬಿ ಮೂವತ್ತು ವರ್ಷ ಓಡಬೇಕೋ ಹತ್ತೇ ವರ್ಷಕ್ಕೆ ಸೌದೆಯಾಗಬೇಕೋ ಎಂಬುದು ಬಹಳ ಸಲ ಆ ಪಟ್ಟಿಯ ಮೇಲೆ ನಿಂತಿರುತ್ತಿತ್ತು. ಪ್ರಯಾಣಿಕರು ಅದನ್ನು ಅಲಂಕಾರ ಎಂದುಕೊಳ್ಳುತ್ತಿದ್ದರು. ಅದರ ಮೇಲೆ ಬೇರೆ ಬಣ್ಣದ ಗೆರೆ ಎಳೆದಿದ್ದರೆ ಹಾಗೆ ಕಾಣುವುದು ಸಹಜ.

ಆ ಕಾಲದ ಡಬ್ಬಿ ಅಂದರೆ ಸಾಗವಾನಿ ಕಟ್ಟಿಗೆಯದು. ಕೆಳಗೆ ಉಕ್ಕಿನ ತೊಲೆ, ಅದರ ಮೇಲೆ ಸಾಗವಾನಿಯ ಕಂಬ, ಅಡ್ಡಪಟ್ಟಿ, ಕಂಬದಿಂದ ಕಂಬಕ್ಕೆ ತೆಳುವಾದ ಹಲಗೆ. ದಾಂಡೇಲಿ, ಹಳಿಯಾಳದ ಕಾಡು ಹುಬ್ಬಳ್ಳಿಗೆ ಹತ್ತಿರ. ಅಳ್ನಾವರದಿಂದ ದಾಂಡೇಲಿಗೆ ಹೋಗುವ ಕವಲು ಹಳಿಯ ಮೇಲೆ ಕಟ್ಟಿಗೆಯೇ ಬಹಳ ಕಾಲ ಓಡಾಡಿತು. ಸಾಗವಾನಿಯಲ್ಲಿ ಎಣ್ಣೆಯ ಅಂಶವಿದೆ, ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ. ಆದರೆ ಎಂಥ ಕಟ್ಟಿಗೆಯಾದರೂ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೊರಗುತ್ತದೆ. ನಮ್ಮ ಹುಬ್ಬಳ್ಳಿಯ ಡಬ್ಬಿಗೆ ಇದ್ದ ಕಷ್ಟ ಇದೇ. ಆಷಾಢದಲ್ಲಿ ಕ್ಯಾಸಲ್‌ರಾಕ್, ದೂಧಸಾಗರದ ಘಟ್ಟದಲ್ಲಿ ಹಗಲು ರಾತ್ರಿ ನೆನೆಯಬೇಕು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ಬಿಜಾಪುರದ ಬಯಲಿನಲ್ಲಿ ಚೈತ್ರ ವೈಶಾಖದ ಬಿಸಿಲಿಗೆ ಕಾಯಬೇಕು. ಒಂದೇ ಮೈ ಎರಡು ಹವೆಯನ್ನೂ ತಾಳಬೇಕು. ಹಲಗೆ ಹಲಗೆಯ ನಡುವಿನ ಸಂದು ಬೇಸಿಗೆಯಲ್ಲಿ ಬಾಯಿ ಬಿಡುತ್ತಿತ್ತು, ಮಳೆಗಾಲದಲ್ಲಿ ಬಿಗಿಯುತ್ತಿತ್ತು. ಆ ಸಂದಿನ ಮೇಲೆ ಕೂತದ್ದು ಬೀಡಿಂಗ್ ಪಟ್ಟಿ.

ಅದನ್ನು ಕೂರಿಸುವುದರಲ್ಲೇ ಒಂದು ಗುಟ್ಟು ಇತ್ತು. ಪಟ್ಟಿಯ ಸ್ಕ್ರೂ ಹಿಂದಿನ ಕಂಬಕ್ಕೆ ಹೋಗಬೇಕು, ಇಲ್ಲವೇ ಒಂದು ಬದಿಯ ಹಲಗೆಗೆ ಮಾತ್ರ ಬೀಳಬೇಕು. ಎರಡೂ ಹಲಗೆಗೆ ಸ್ಕ್ರೂ ಬಿಗಿದರೆ, ಮೊದಲ ಬೇಸಿಗೆಯಲ್ಲಿ ಹಲಗೆ ಸೊರಗುವಾಗ ಪಟ್ಟಿಯೇ ಉದ್ದಕ್ಕೆ ಸೀಳುತ್ತದೆ. ಪಟ್ಟಿಯ ಅಡಿಗೆ ಸಫೇದಾ ಮತ್ತು ಅಗಸಿ ಎಣ್ಣೆ ಕಲಸಿದ ಲೇಪ ಹಚ್ಚುತ್ತಿದ್ದರು. ಅಗಸಿ ಈ ಭಾಗದ್ದೇ ಬೆಳೆ. ಅಡಿಗೆಮನೆಯಲ್ಲಿ ಅದು ಚಟ್ನಿಪುಡಿಯಾದರೆ ಕಾರ್ಖಾನೆಯಲ್ಲಿ ಅದರ ಎಣ್ಣೆ ಕುದಿದು ಬಣ್ಣಕ್ಕೂ ಪುಟ್ಟಿಗೂ ಹೋಗುತ್ತಿತ್ತು. ಅಪ್ಪನ ಅಂಗಿಯಿಂದ ಬರುತ್ತಿದ್ದ ವಾಸನೆ ಅದೇ. ಸಫೇದಾ ಅಂದರೆ ಸೀಸದ ಬಿಳಿ. ಅದು ವಿಷ ಎಂದು ಕೆಲಸದವರಿಗೆ ಯಾರೂ ಹೇಳುತ್ತಿರಲಿಲ್ಲ. ಅದೇ ಕೈಯಲ್ಲಿ ರೊಟ್ಟಿ ಬಿಚ್ಚಿ ಉಣ್ಣುತ್ತಿದ್ದರು. ಆ ಕಾಲದ ಕಸುಬನ್ನು ಹೊಗಳುವವರು ಇದನ್ನೂ ಬರೆಯಬೇಕು.

ರಿಪೇರಿಗೆ ಬಂದ ಡಬ್ಬಿಯನ್ನು ಅಪ್ಪ ಮೊದಲು ಬೆರಳಿನಿಂದ ಬಡಿದು ನೋಡುತ್ತಿದ್ದರಂತೆ. ಗಟ್ಟಿ ಕಟ್ಟಿಗೆಯ ಸದ್ದು ಬೇರೆ, ಬಣ್ಣದ ಕೆಳಗೆ ಕೊಳೆತದ್ದರ ಸದ್ದು ಬೇರೆ. ಬಣ್ಣ ಉಬ್ಬಿದ ಕಡೆ ಉಳಿಯ ಮೂಲೆ ಒತ್ತಿದರೆ ಗೊತ್ತಾಗಿಬಿಡುತ್ತದೆ. ಪಟ್ಟಿ ಕೊಳೆಯುವುದು ಹೆಚ್ಚಾಗಿ ಕಿಟಕಿಯ ಕೆಳಗೆ, ಬಾಗಿಲ ಬುಡದಲ್ಲಿ. ಇಡೀ ಪಟ್ಟಿ ಬದಲಿಸುವುದು ಸುಲಭ. ಆದರೆ ಕಟ್ಟಿಗೆ ಪುಕ್ಕಟೆ ಬರುವುದಿಲ್ಲ, ಮತ್ತು ಹಳೆಯ ಸ್ಕ್ರೂಗಳನ್ನೆಲ್ಲ ಕಿತ್ತರೆ ಕಂಬದ ತೂತುಗಳು ಸಡಿಲಾಗುತ್ತವೆ. ಅದಕ್ಕೆ ಕೆಟ್ಟ ಭಾಗವನ್ನಷ್ಟೇ ಓರೆಯಾಗಿ ಕೊಯ್ದು ಹೊಸ ತುಂಡು ಕೂಡಿಸುತ್ತಿದ್ದರು. ನಿಂತ ಪಟ್ಟಿಯಾದರೆ ಆ ಓರೆ ಒಳಗಿನಿಂದ ಹೊರಕ್ಕೆ ಇಳಿಜಾರಾಗಿರಬೇಕು, ಬಿದ್ದ ನೀರು ಹೊರಗೇ ಜಾರಬೇಕು. ಹೊಸ ತುಂಡಿನ ನಾರು ಹಳೆಯದರ ನಾರಿನ ದಿಕ್ಕಿಗೇ ಇರಬೇಕು. ಸಡಿಲಾದ ತೂತಿಗೆ ಸಾಗವಾನಿಯ ಸಣ್ಣ ಗೂಟ ಬಡಿದು, ಅದರೊಳಗೆ ಮತ್ತೆ ಸ್ಕ್ರೂ. ಆಮೇಲೆ ರಂದಾ ಹೊಡೆದು ಹಳೆಯದಕ್ಕೂ ಹೊಸದಕ್ಕೂ ಸಮ ಮಾಡಿದರೆ, ಬಣ್ಣ ಬಿದ್ದ ಮೇಲೆ ಕೈಯಾಡಿಸಿದರೂ ಸಂದು ಸಿಗಬಾರದು.

ಪಟ್ಟಿಯ ಮೇಲಂಚಿಗೂ ಬದಿಗೂ ಪುಟ್ಟಿ ತುಂಬುತ್ತಿದ್ದರು. ಕೆಳಗಿನ ಅಂಚಿಗೆ ತುಂಬುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪ್ಪ ಹೇಳಿದ್ದು: “ನೀರು ಒಳಗ ಹೋಗೂದನ್ನ ಪೂರ್ತಿ ತಡಿಯಾಕ ಯಾರಿಗೂ ಆಗೂದಿಲ್ಲೋ ತಮ್ಮಾ. ಅದು ಹೊರಗ ಬರೂ ದಾರಿ ಮಾತ್ರ ಮುಚ್ಚಬ್ಯಾಡ.”

ಎಲ್ಲ ಡಬ್ಬಿಗೂ ಒಂದೇ ಮರ್ಯಾದೆ ಇರಲಿಲ್ಲ. ಸಾಹೇಬರು ತಪಾಸಣೆಗೆ ಹೋಗುವ ಸಲೂನ್ ಎಂಬುದು ಗಾಲಿಯ ಮೇಲಿನ ಮನೆ. ಮಲಗುವ ಕೋಣೆ, ಊಟದ ಮೇಜು, ಬಚ್ಚಲು, ಅಡಿಗೆಯವನಿಗೆ ಒಂದು ಮೂಲೆ, ಎಲ್ಲ ಅದರೊಳಗೇ. ಅದರ ಪಟ್ಟಿಗೆ ಒಂದು ಗೀರು ಬಿದ್ದರೂ ಮಿಸ್ತ್ರಿಗೆ ಕರೆ ಬರುತ್ತಿತ್ತು. ಗಾಲಿಯ ಮೇಲೆ ಇನ್ನೊಂದು ಮನೆಯೂ ಇತ್ತು. ಹಳಿ ಕೆಲಸದ ಗ್ಯಾಂಗಿನವರು ತಿಂಗಳುಗಟ್ಟಲೆ ಊರು ಬಿಟ್ಟು ಇರುತ್ತಿದ್ದ ಕ್ಯಾಂಪ್ ಕೋಚು ಅದು. ಪ್ರಯಾಣಿಕರಿಗೆ ಬೇಡವಾದ ಹಳೆಯ ಡಬ್ಬಿಯನ್ನೇ ಹಾಗೆ ಮಾರ್ಪಡಿಸುತ್ತಿದ್ದರು. ಸಣ್ಣ ಸ್ಟೇಷನ್ನಿನ ಬದಿಯ ಹಳಿಯ ಮೇಲೆ ಅದು ನಿಂತಿರುತ್ತಿತ್ತು, ಕಿಟಕಿಯಲ್ಲಿ ಬಟ್ಟೆ ಒಣಗುತ್ತಿರುತ್ತಿತ್ತು. ಅದರ ಪಟ್ಟಿ ಕಿತ್ತುಬಂದರೆ ಒಳಗಿದ್ದವರೇ ಚಿಮಣಿ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಮೊಳೆ ಹೊಡೆದು, ಮೇಲೆ ಡಾಂಬರು ಸವರುತ್ತಿದ್ದರು. ಅಪ್ಪ ಅಂಥ ತೇಪೆಗಳನ್ನು ಕಿತ್ತು ಸರಿಮಾಡುವಾಗ ಎಂದೂ ಬೈಯುತ್ತಿರಲಿಲ್ಲ. ಮಳೆಯಲ್ಲಿ ಮಲಗಿದವನು ಹೊಡೆದ ಮೊಳೆ ಅದು, ಮಳೆ ನಿಲ್ಲಿಸಿತ್ತು, ಸಾಕು ಅನ್ನುತ್ತಿದ್ದರು. ನನ್ನ ಅಭಿಪ್ರಾಯವೂ ಅದೇ. ಸಲೂನಿನ ಮೇಲೆ ಬಿದ್ದ ಗಮನದ ಕಾಲುಭಾಗ ಆ ಕೋಚುಗಳ ಮೇಲೆ ಬಿದ್ದಿದ್ದರೆ ಎಷ್ಟೋ ಸಂಸಾರಗಳ ಮಳೆಗಾಲ ಬೆಚ್ಚಗಿರುತ್ತಿತ್ತು.

1955ರಲ್ಲಿ ಮದ್ರಾಸಿನ ಪೆರಂಬೂರಿನಲ್ಲಿ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಶುರುವಾಯಿತು. ಸ್ವಿಸ್ ಕಂಪನಿಯ ವಿನ್ಯಾಸ, ಪೂರ್ತಿ ಉಕ್ಕು, ಪೂರ್ತಿ ವೆಲ್ಡಿಂಗ್. ಮೊದಲು ಬ್ರಾಡ್‌ಗೇಜಿಗೆ, ಆಮೇಲೆ ಮೀಟರ್‌ಗೇಜಿಗೂ ಅಲ್ಲಿಯ ಡಬ್ಬಿ ಬಂತು. ಸಂದೇ ಇಲ್ಲದ ಮೈಗೆ ಸಂದು ಮುಚ್ಚುವ ಪಟ್ಟಿ ಬೇಡ. 1990ರ ದಶಕದಲ್ಲಿ ಹುಬ್ಬಳ್ಳಿಯ ಹಳಿಗಳು ಬ್ರಾಡ್‌ಗೇಜಿಗೆ ಬದಲಾದಾಗ ಹಳೆಯ ಡಬ್ಬಿಗಳಿಗೆ ನಿಲ್ಲಲು ಹಳಿಯೇ ಉಳಿಯಲಿಲ್ಲ.

ಪಟ್ಟಿಯ ಕಸುಬು ಅಷ್ಟರಲ್ಲಿ ರಸ್ತೆಗೆ ಇಳಿದಿತ್ತು. ನಮ್ಮ ಭಾಗ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆ ರಾಜ್ಯದ ಸರ್ಕಾರಿ ಬಸ್ಸು ಮೊದಲು ಓಡಿದ್ದು 1948ರ ಜೂನ್ 1ರಂದು, ಪುಣೆಯಿಂದ ಅಹಮದನಗರಕ್ಕೆ. ಅದರ ಮೈ ಕಟ್ಟಿಗೆಯದು, ಸೀಟು ನಾರಿನದು. 1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1961ರಲ್ಲಿ ರಾಜ್ಯದ ಸಾರಿಗೆ ನಿಗಮ ಆಯಿತು, 1997ರಲ್ಲಿ ಹುಬ್ಬಳ್ಳಿಯೇ ಕೇಂದ್ರವಾಗಿ ವಾಯವ್ಯ ಸಾರಿಗೆ ಬಂತು. ಬಸ್ಸಿನ ಮೈ ಅಷ್ಟರಲ್ಲಿ ಉಕ್ಕಿನ ಚೌಕಟ್ಟು, ಅಲ್ಯೂಮಿನಿಯಮ್ ಪತ್ರಾ ಆಗಿತ್ತು. ಪತ್ರಾ ಪತ್ರಾ ಕೂಡುವ ಕಡೆ ಅಲ್ಯೂಮಿನಿಯಮ್ ಪಟ್ಟಿ, ಅದರ ನಡುವಿನ ಕಾಲುವೆಯಲ್ಲಿ ಸ್ಕ್ರೂ ತಲೆ ಮುಚ್ಚುವ ರಬ್ಬರ್. ಕಟ್ಟಿಗೆ ಹೋಗಿತ್ತು, ಸಂದು ಉಳಿದಿತ್ತು.

ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ನೀರು ಸೇರಿದರೆ ಅಲ್ಯೂಮಿನಿಯಮ್ ಬಿಳಿ ಪುಡಿಯಾಗಿ ಉದುರುತ್ತದೆ. ಹಾಗಾಗಿ ಎರಡರ ನಡುವೆ ಹಳದಿ ಬಣ್ಣದ ಜಿಂಕ್ ಕ್ರೋಮೇಟ್ ಪ್ರೈಮರ್ ಹೊಡೆಯುತ್ತಿದ್ದೆವು. ಅದೂ ಸಫೇದಾದ ಹಾಗೆ ಮೈಗೆ ಒಳ್ಳೆಯದಲ್ಲ, ಅದನ್ನೂ ನಮಗೆ ತಡವಾಗಿ ಹೇಳಿದರು. ಪತ್ರಾ ಸೀಳಿದ್ದರೆ ಸೀಳಿನ ತುದಿಗೆ ಮೊದಲು ಒಂದು ಸಣ್ಣ ತೂತು ಕೊರೆಯಬೇಕು. ದುಂಡನೆಯ ತೂತು ಸಿಕ್ಕಿದರೆ ಸೀಳು ಅಲ್ಲಿಗೆ ನಿಲ್ಲುತ್ತದೆ. ಬಸ್ಸಿನ ಮೂಲೆಗೆ ಬಾಗಿದ ಪಟ್ಟಿ ಬೇಕಾದಾಗ ಇನ್ನೊಂದು ಉಪಾಯವಿತ್ತು. ನೇರ ಪಟ್ಟಿಯನ್ನು ಹಾಗೇ ಬಗ್ಗಿಸಿದರೆ ಮುರಿಯುತ್ತದೆ. ಅದಕ್ಕೆ ಬಟ್ಟೆ ಸೋಪು ತಿಕ್ಕಿ, ಕೆಳಗಿನಿಂದ ಸಣ್ಣ ಉರಿ ಹಿಡಿಯುತ್ತಿದ್ದೆವು. ಕಾದ ಅಲ್ಯೂಮಿನಿಯಮ್ ಕಬ್ಬಿಣದಂತೆ ಕೆಂಪಾಗುವುದಿಲ್ಲ, ಕಣ್ಣಿಗೆ ಏನೂ ತೋರದೆ ಒಮ್ಮೆಲೇ ಕರಗಿ ಜಾರುತ್ತದೆ. ಸೋಪು ಕಪ್ಪಾದರೆ ಹದ ಬಂತು ಎಂದು ತಿಳಿದು ಉರಿ ತೆಗೆಯಬೇಕು. ತಣಿದ ಮೇಲೆ ಅದು ಹೇಳಿದ ಹಾಗೆ ಬಾಗುತ್ತದೆ. ವರ್ಕ್‌ಶಾಪಿನಲ್ಲಿ ಹಿರಿಯರು ಕಿರಿಯರಿಗೆ ಮೊದಲು ತೋರಿಸುತ್ತಿದ್ದ ವಿದ್ಯೆ ಇದು. ಓದು ಬರಹ ಬಾರದ ಮಿಸ್ತ್ರಿಯೊಬ್ಬರು ಸೋಪಿನ ಬಣ್ಣ ನೋಡಿ ಹೇಳಿದ ಹದ ತಪ್ಪಿದ್ದನ್ನು ನಾನು ಕಂಡಿಲ್ಲ.

ಹುಬ್ಬಳ್ಳಿ ಬಸ್ಸಿಗೆ ಪೆಟ್ಟು ಬೀಳುತ್ತಿದ್ದುದು ಹಿಂದಿನ ಎಡಮೂಲೆಗೆ. ದುರ್ಗದ ಬೈಲು, ಸ್ಟೇಷನ್ ರೋಡು, ಕೊಪ್ಪಿಕರ ರೋಡಿನ ಇಕ್ಕಟ್ಟಿನಲ್ಲಿ ತಿರುಗುವಾಗ ಉದ್ದನೆಯ ಬಸ್ಸಿನ ಹಿಂಭಾಗ ಹೊರಕ್ಕೆ ಬೀಸುತ್ತದೆ, ಕಂಬವೋ ಬಂಡಿಯೋ ತಾಗುತ್ತದೆ. ತಾಗಿದ್ದು ಪಟ್ಟಿಗೆ ಮಾತ್ರವಾದರೆ ಅದು ಪತ್ರಾವನ್ನು ಉಳಿಸಿತು ಎಂದೇ ಅರ್ಥ. ಕಿತ್ತುಬಂದ ಪಟ್ಟಿಯನ್ನು ಹಾಗೇ ಬಿಟ್ಟು ಒಂದು ಮಳೆಗಾಲ ಕಳೆದರೆ ಒಳಗಿನ ಉಕ್ಕಿನ ಚೌಕಟ್ಟು ತುಕ್ಕಾಗಿ, ಹತ್ತು ನಿಮಿಷದ ಕೆಲಸ ವಾರದ ಕೆಲಸವಾಗುತ್ತದೆ. ಹೊರಗಿನ ಸಣ್ಣ ಗಾಯ ಎಂದು ಮೇಲಿನವರು ಅದನ್ನು ಕೊನೆಗೆ ಇಡುತ್ತಿದ್ದರು. ನಾನು ಆಗಲೂ ವಾದಿಸುತ್ತಿದ್ದೆ, ಈಗಲೂ ವಾದಿಸುತ್ತೇನೆ: ಮಿರ್ಗಾ ಮಳೆ ಬರುವ ಮೊದಲು ಎಲ್ಲ ಬಸ್ಸಿನ ಪಟ್ಟಿ ನೋಡಬೇಕು, ಎಂಜಿನ್ನಿನ ಸರದಿ ಆಮೇಲೆ ಬಂದರೂ ನಡೆಯುತ್ತದೆ.

ಟಾಟಾ ಮೋಟರ್ಸ್ ಮತ್ತು ಬ್ರೆಜಿಲಿನ ಮಾರ್ಕೋಪೋಲೋ 2006ರಲ್ಲಿ ಕೂಡಿ ಕಟ್ಟಿದ ಕಂಪನಿ ಧಾರವಾಡದ ಹೊರಗೆ ಬಸ್ ಕಾರ್ಖಾನೆ ಹಾಕಿತು. ಊರಿನ ಎಷ್ಟೋ ಹುಡುಗರಿಗೆ ಅಲ್ಲಿ ಕೆಲಸ ಸಿಕ್ಕಿತು. ಪೂರ್ತಿ ಕಟ್ಟಿದ ಬಸ್ಸೇ ಬರತೊಡಗಿದ ಮೇಲೆ ರಿಪೇರಿಯ ರೀತಿ ಬದಲಾಯಿತು. ಮೂಲೆಗಳು ಫೈಬರ್ ಆದವು, ಪಟ್ಟಿಗಳು ಅಂಟಿನಿಂದ ಕೂತವು, ಪೆಟ್ಟಾದರೆ ಇಡೀ ಭಾಗ ತೆಗೆದು ಹೊಸದನ್ನು ಹಾಕುವುದು ರೂಢಿಯಾಯಿತು. ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಮೈಯಲ್ಲಿ ಸ್ಕ್ರೂ ತಲೆ ಹುಡುಕಿದರೂ ಸಿಗುವುದು ಕಷ್ಟ. ಆ ಬಸ್ಸಿಗೆ ತನ್ನದೇ ದಾರಿ ಇದೆ, ಕಂಬಕ್ಕೆ ತಾಗುವ ಸಂದರ್ಭವೂ ಕಡಿಮೆ. ರೈಲಿನಲ್ಲಿ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಡಬ್ಬಿ ಬಂತು. ಅದರ ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕಿನ ಭಯ ಬಹಳ ಕಡಿಮೆ. ಪೆರಂಬೂರಿನಲ್ಲಿ ಹಳೆಯ ಮಾದರಿಯ ಡಬ್ಬಿ ಮಾಡುವುದು 2018ರಲ್ಲಿ ನಿಂತಿತು. ಇದೆಲ್ಲ ಪ್ರಯಾಣಿಕನಿಗೆ ಒಳ್ಳೆಯದೇ, ಅಪಘಾತದಲ್ಲಿ ಎಲ್‌ಎಚ್‌ಬಿ ಡಬ್ಬಿ ಜೀವ ಉಳಿಸುತ್ತದೆ.

ಈಗ ಗೋಕುಲ ರೋಡಿನ ಕಡೆಯ ಗ್ಯಾರೇಜುಗಳಿಗೆ ಆಗೊಮ್ಮೆ ಈಗೊಮ್ಮೆ ಕ್ಯಾರವಾನ್ ಬರುತ್ತದೆ. ಗೋವಾಕ್ಕೋ ದಾಂಡೇಲಿಗೋ ಹೊರಟ ಸಂಸಾರದ್ದು, ಒಳಗೆ ಹಾಸಿಗೆ, ಒಲೆ, ನೀರಿನ ಟಾಕಿ. ಅದರ ಮೂಲೆಗಳಲ್ಲೂ ಅದೇ ಅಲ್ಯೂಮಿನಿಯಮ್ ಪಟ್ಟಿ, ಅದೇ ರಬ್ಬರ್. ಟೊಂಗೆ ತಾಗಿ ಪಟ್ಟಿ ಎದ್ದಿದ್ದರೆ ಹುಡುಗರು ಮಾಡುವ ಮೊದಲ ಕೆಲಸ ಸಿಲಿಕಾನ್ ಟ್ಯೂಬು ಒತ್ತಿ ಸುತ್ತಲೂ ಮುಚ್ಚುವುದು. ಮೇಲೆ, ಕೆಳಗೆ, ಎರಡೂ ಬದಿ. ಮಾಲೀಕ ಸಂತೋಷದಿಂದ ಹೋಗುತ್ತಾನೆ, ನೀರು ಒಳಗೇ ಉಳಿಯುತ್ತದೆ, ಮುಂದಿನ ವರ್ಷ ಒಳಗಿನ ಪ್ಲೈವುಡ್ ಮೆತ್ತಗಾಗಿರುತ್ತದೆ. ಮೇಲಾಗಿ, ಒಮ್ಮೆ ಸಿಲಿಕಾನ್ ಬಿದ್ದ ಕಡೆ ಬಣ್ಣ ಹಿಡಿಯುವುದಿಲ್ಲ, ಇನ್ನೊಂದು ಅಂಟೂ ಕೂರುವುದಿಲ್ಲ. ನನ್ನನ್ನು ಕೇಳುವ ಹುಡುಗರಿಗೆ ನಾನು ಹೇಳುವುದು ಇಷ್ಟು: ಪಟ್ಟಿ ಪೂರ್ತಿ ಬಿಚ್ಚು, ಹಳೆಯ ಅಂಟು ಕೆರೆದು ತೆಗೆ, ಒಳಗಿನ ಕಟ್ಟಿಗೆ ಒಣಗಲಿ, ಸಡಿಲಾದ ತೂತಿಗೆ ಗೂಟ ಬಡಿ, ಪಟ್ಟಿಯ ಅಡಿಗೆ ಗಟ್ಟಿಯಾಗದ ಬ್ಯೂಟೈಲ್ ಟೇಪ್ ಹಾಸಿ ಸ್ಕ್ರೂ ಬಿಗಿ, ಕೆಳಗಿನ ಅಂಚನ್ನು ಬಿಡು. ಕೆಲವರು ಕೇಳುತ್ತಾರೆ. ಟೇಪ್ ಬೆಲೆ ಹೆಚ್ಚು, ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ. ಗಿರಾಕಿ ಅದಕ್ಕೆ ದುಡ್ಡು ಕೊಡಲು ಒಪ್ಪಬೇಕಾದರೆ ಒಳಗಿನ ಮೆತ್ತಗಾದ ಕಟ್ಟಿಗೆಯನ್ನು ಅವನ ಕೈಯಿಂದಲೇ ಮುಟ್ಟಿಸಬೇಕಾಗುತ್ತದೆ.