ರಿಂಗ್ ಒಂದು, ಸೆಂಟರ್ ಇಬ್ಬರು

2019ರ ಅಕ್ಟೋಬರ್ ಮೊದಲ ವಾರದಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಎರಡು ತಂಡಗಳು ಮುಂಬೈಗೆ ಬಂದಿಳಿದವು. ಆ ಲೀಗಿನ ಪಂದ್ಯ ಭಾರತದ ನೆಲದಲ್ಲಿ ನಡೆದದ್ದು ಅದೇ ಮೊದಲು. ಇಂಡಿಯಾನಾ ಪೇಸರ್ಸ್ ಎರಡೂ ದಿನ ಸ್ಯಾಕ್ರಮೆಂಟೊ ಕಿಂಗ್ಸ್ ತಂಡವನ್ನು ಸೋಲಿಸಿತು; ಮೊದಲ ದಿನ ಹೆಚ್ಚುವರಿ ಅವಧಿಯಲ್ಲಿ, ಒಂದೇ ಪಾಯಿಂಟಿನಿಂದ. ಋತು ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯಗಳು, ಗೆಲುವಿಗೆ ಅಂಥ ತೂಕವೇನಿಲ್ಲ. ತೂಕವಿದ್ದದ್ದು ಪೇಸರ್ಸ್ ಆ ವರ್ಷ ಕೈಹಾಕಿದ್ದ ಪ್ರಯೋಗಕ್ಕೆ. ಮೈಲ್ಸ್ ಟರ್ನರ್ ಮತ್ತು ಡೊಮಂಟಾಸ್ ಸಬೋನಿಸ್ ಇಬ್ಬರೂ 1996ರಲ್ಲಿ, ನಲವತ್ತು ದಿನಗಳ ಅಂತರದಲ್ಲಿ ಹುಟ್ಟಿದವರು. ಇಬ್ಬರೂ ಸೆಂಟರ್, ಅಂದರೆ ರಿಂಗಿನ ಬಳಿ ಆಡುವ ದೈತ್ಯರು. ಅಲ್ಲಿಯವರೆಗೆ ಹೆಚ್ಚಾಗಿ ಟರ್ನರ್ ಆಟ ಆರಂಭಿಸುತ್ತಿದ್ದರು, ಸಬೋನಿಸ್ ಬೆಂಚಿನಿಂದ ಎದ್ದು ಬರುತ್ತಿದ್ದರು. ಇನ್ನು ಮೇಲೆ ಇಬ್ಬರನ್ನೂ ಮೊದಲಿಂದಲೇ ಇಳಿಸುವುದೆಂದು ಕೋಚ್ ನೇಟ್ ಮೆಕ್‌ಮಿಲನ್ ತೀರ್ಮಾನಿಸಿದ್ದರು.

ಅಭಿಮಾನಿಗಳ ಪ್ರಶ್ನೆ ಒಂದೇ: ಇಬ್ಬರಲ್ಲಿ ಯಾರು ಮೇಲು? ಒಂದು ತಂಡದಲ್ಲಿ ಇಬ್ಬರು ಎಳೆಯ ದೈತ್ಯರು ಸೇರಿದಾಗಲೆಲ್ಲ ಏಳುವ ಪ್ರಶ್ನೆ ಇದು. ನನಗೆ ಇದು ತಪ್ಪು ಪ್ರಶ್ನೆ ಅನ್ನಿಸುತ್ತದೆ. ಚೆಂಡು ಒಬ್ಬನ ಕೈಯಲ್ಲಿರುವಾಗ ಇನ್ನೊಬ್ಬ ಎಲ್ಲಿ ನಿಲ್ಲಬೇಕು ಎಂಬುದೇ ನಿಜವಾದ ತಲೆನೋವು. ನಲವತ್ತು ವರ್ಷಗಳಲ್ಲಿ ಅದರ ಉತ್ತರ ಹಲವು ಸಲ ಬದಲಾಗಿದೆ.

ಮೊದಲ ದೊಡ್ಡ ಜೋಡಿ ಹ್ಯೂಸ್ಟನ್ ರಾಕೆಟ್ಸ್‌ನದು. ಆಗ ಎರಡು ವಿಭಾಗಗಳ ಕಡೆಯ ತಂಡಗಳು ನಾಣ್ಯ ಚಿಮ್ಮಿಸಿ, ಹೊಸ ಆಟಗಾರರಲ್ಲಿ ಮೊದಲು ಆರಿಸುವವರು ಯಾರೆಂದು ನಿರ್ಧರಿಸುತ್ತಿದ್ದವು. 1983ರಲ್ಲೂ 84ರಲ್ಲೂ ನಾಣ್ಯ ಹ್ಯೂಸ್ಟನ್ ಕಡೆಗೇ ಬಿತ್ತು. ಮೊದಲ ವರ್ಷ ಏಳು ಅಡಿ ನಾಲ್ಕಿಂಚಿನ ರಾಲ್ಫ್ ಸ್ಯಾಂಪ್ಸನ್, ಮರುವರ್ಷ ಲಾಗೋಸ್‌ನಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದ ಹಕೀಮ್ ಒಲಾಜುವಾನ್. ಬೇಕೆಂದೇ ಸೋತು ಕೊನೆಗೆ ಹೋಗುತ್ತಾರೆಂಬ ಗುಮಾನಿ ಎಷ್ಟು ಬೆಳೆಯಿತೆಂದರೆ 1985ರಿಂದ ಲೀಗ್ ಲಾಟರಿ ಪದ್ಧತಿ ತಂದಿತು.

ಸ್ಯಾಂಪ್ಸನ್‌ಗೆ ಅಷ್ಟು ಎತ್ತರವಿದ್ದೂ ರಿಂಗಿಗೆ ಮುಖಮಾಡಿ, ಚೆಂಡು ಪುಟಿಸಿಕೊಂಡು ಬರುವ ಚಪಲ. ಒಲಾಜುವಾನ್‌ಗೆ ರಿಂಗಿಗೆ ಬೆನ್ನು ಕೊಟ್ಟು ನಿಂತು, ಪಾದ ತಿರುವಿ ಎದುರಾಳಿಯನ್ನು ಯಾಮಾರಿಸುವ ಕಲೆ. ಹಾಗಾಗಿ ಮೊದಲು ಬಂದವರೇ ಸೆಂಟರ್ ಜಾಗ ಬಿಟ್ಟು ಫಾರ್ವರ್ಡ್ ಆದರು. 1986ರ ಪಶ್ಚಿಮ ವಿಭಾಗದ ಫೈನಲ್, ಲೇಕರ್ಸ್ ವಿರುದ್ಧ ಐದನೆಯ ಪಂದ್ಯ. ಜಗಳಕ್ಕೆ ಬಿದ್ದ ಒಲಾಜುವಾನ್‌ರನ್ನು ರೆಫರಿ ಹೊರಗೆ ಕಳಿಸಿಯಾಗಿತ್ತು. ಸ್ಕೋರು ಸಮ, ಉಳಿದದ್ದು ಒಂದು ಸೆಕೆಂಡು. ಗೆರೆಯಾಚೆಯಿಂದ ಬಂದ ಚೆಂಡನ್ನು ಸ್ಯಾಂಪ್ಸನ್ ಗಾಳಿಯಲ್ಲೇ ಹಿಡಿದು, ಗಾಳಿಯಲ್ಲೇ ಮೈ ತಿರುಗಿಸಿ ಎಸೆದರು. ಅದು ರಿಂಗಿನ ಮೇಲೆ ಪುಟಿದು ಒಳಗೆ ಬಿತ್ತು. ಅಲ್ಲಿಗೆ ಹಾಲಿ ಚಾಂಪಿಯನ್ನರು ಮನೆಗೆ. ಫೈನಲ್‌ನಲ್ಲಿ ಹ್ಯೂಸ್ಟನ್ ಬಾಸ್ಟನ್‌ಗೆ ಸೋತಿತಾದರೂ, ಮುಂದಿನ ಹತ್ತು ವರ್ಷ ಈ ಜೋಡಿಯದೇ ಎಂದುಕೊಂಡವರು ಬಹಳ. ಆದರೆ ಸ್ಯಾಂಪ್ಸನ್ ಮಂಡಿ ಕೈಕೊಟ್ಟಿತು. 1987ರ ಡಿಸೆಂಬರ್‌ನಲ್ಲಿ ಅವರನ್ನು ಬೇರೆ ತಂಡಕ್ಕೆ ದಾಟಿಸಿದರು. ಒಲಾಜುವಾನ್ 1994, 95ರ ಕಪ್ ಗೆದ್ದದ್ದು ಜೊತೆಗೆ ಇನ್ನೊಬ್ಬ ದೈತ್ಯನಿಲ್ಲದೆ, ಸುತ್ತ ದೂರದಿಂದ ಎಸೆಯುವವರನ್ನು ನಿಲ್ಲಿಸಿಕೊಂಡು.

ಸ್ಯಾನ್ ಆಂಟೋನಿಯೊದ ಡೇವಿಡ್ ರಾಬಿನ್‌ಸನ್, ಟಿಮ್ ಡಂಕನ್ ಜೋಡಿ 1999 ಮತ್ತು 2003ರಲ್ಲಿ ಗೆದ್ದಿತು, ನಿಜ. ಆದರೆ ಅವರ ನಡುವೆ ಹತ್ತು ವರ್ಷಕ್ಕೂ ಮೀರಿದ ಅಂತರ. ಹಿರಿಯರು ತಾವಾಗಿ ಪಕ್ಕಕ್ಕೆ ಸರಿದರು. ಓರಗೆಯವರ ಪೈಪೋಟಿ ಅಲ್ಲಿರಲಿಲ್ಲ.

ನಿಜವಾದ ತಿರುವು 2001ರಲ್ಲಿ ಬಂತು. ಅದುವರೆಗೆ ಎನ್‌ಬಿಎಯಲ್ಲಿ ಜಾಗ ಕಾಯುವ ರಕ್ಷಣೆಗೆ, ಅಂದರೆ ಜೋನ್‌ಗೆ, ಅನುಮತಿ ಇರಲಿಲ್ಲ. ನಿಯಮ ಸಡಿಲಗೊಂಡ ಮೇಲೆ ದೂರದಿಂದ ಎಸೆಯಲಾರದವನನ್ನು ಅವನ ಪಾಡಿಗೆ ಬಿಟ್ಟು, ಅವನ ಕಾವಲುಗಾರ ರಿಂಗಿನತ್ತ ಸರಿದು ನಿಲ್ಲಬಹುದಾಯಿತು. ಇಬ್ಬರು ದೈತ್ಯರಿಗೂ ದೂರದ ಎಸೆತ ಬಾರದಿದ್ದರೆ ರಿಂಗಿನ ಕೆಳಗೆ ಕೆ.ಆರ್. ಮಾರುಕಟ್ಟೆಯ ಜನಜಂಗುಳಿ. 2015ರಲ್ಲಿ ಗೋಲ್ಡನ್ ಸ್ಟೇಟ್ ಆರೂವರೆ ಅಡಿಯ ಡ್ರೇಮಂಡ್ ಗ್ರೀನ್‌ರನ್ನು ಸೆಂಟರ್ ಮಾಡಿ ಕಪ್ ಗೆದ್ದಾಗ, ಇಬ್ಬರೇಕೆ, ಒಬ್ಬ ದೈತ್ಯನಾದರೂ ಯಾಕೆ ಬೇಕು ಎಂಬಲ್ಲಿಗೆ ಮಾತು ಬಂತು. 2020ರಲ್ಲಂತೂ ಅದೇ ಹ್ಯೂಸ್ಟನ್ ತನ್ನ ಸೆಂಟರನ್ನು ಕಳಿಸಿಕೊಟ್ಟು ಆರು ಅಡಿ ಐದಿಂಚಿನವರನ್ನು ಆ ಜಾಗಕ್ಕೆ ನಿಲ್ಲಿಸಿತು!

ಇಂಥ ಪ್ರವಾಹಕ್ಕೆ ಎದುರಾಗಿ ಪೇಸರ್ಸ್ ಈಜಲು ಹೊರಟಿತ್ತು. ಆ ಋತುವಿನಲ್ಲಿ ಸಬೋನಿಸ್ ಪಂದ್ಯವೊಂದಕ್ಕೆ ಸರಾಸರಿ 18.5 ಪಾಯಿಂಟ್, 12.4 ರೀಬೌಂಡ್ ಗಳಿಸಿ ಆಲ್‌ಸ್ಟಾರ್ ಆದರು. ಟರ್ನರ್‌ಗೆ ಸಿಕ್ಕಿದ್ದು 12.1, 6.6. ಸ್ಕೋರ್‌ಶೀಟ್ ನೋಡಿದವರು ಅಲ್ಲಿಗೇ ತೀರ್ಪು ಕೊಟ್ಟರು. ಆದರೆ ಆಟ ನೋಡಿ: ಎಡಗೈಯ ಸಬೋನಿಸ್ ಫ್ರೀ ಥ್ರೋ ಗೆರೆಯ ಬಳಿ ಚೆಂಡು ಹಿಡಿದು ನಿಲ್ಲುತ್ತಾರೆ. ಗಾರ್ಡ್ ಓಡಿಬಂದು ಅವರ ಕೈಯಿಂದಲೇ ಚೆಂಡು ಕಿತ್ತುಕೊಂಡಂತೆ ಒಯ್ಯುತ್ತಾನೆ, ಬೆನ್ನಟ್ಟಿ ಬಂದವನು ಸಬೋನಿಸ್‌ರ ಭುಜಕ್ಕೆ ಗೋಡೆಗೆ ಬಡಿದಂತೆ ಬಡಿಯುತ್ತಾನೆ. ಇಷ್ಟಕ್ಕೆಲ್ಲ ಜಾಗ ಬಿಟ್ಟುಕೊಟ್ಟವರು ದೂರದ ಮೂಲೆಯಲ್ಲಿ ಕೈ ಖಾಲಿ ಇಟ್ಟುಕೊಂಡು ನಿಂತ ಟರ್ನರ್. ರಕ್ಷಣೆಯಲ್ಲಿ ಸಬೋನಿಸ್‌ರನ್ನು ದಾಟಿ ಬಂದವರನ್ನು ತಡೆಯುವ ಕೆಲಸವೂ ಅವರದೇ. 2018–19 ಮತ್ತು 2020–21ರಲ್ಲಿ ಲೀಗಿನಲ್ಲೇ ಅತಿ ಹೆಚ್ಚಿನ ಬ್ಲಾಕ್ ಸರಾಸರಿ ಅವರದಾಗಿತ್ತು. ಒಬ್ಬರ ಅಂಕಿಯಲ್ಲಿ ಇನ್ನೊಬ್ಬರ ದುಡಿಮೆ ಸೇರಿಕೊಂಡಿರುವಾಗ ತಕ್ಕಡಿಗೆ ಹಾಕುವುದು ಹೇಗೆ?

2022ರ ಫೆಬ್ರವರಿಯಲ್ಲಿ ಪೇಸರ್ಸ್ ಕೈಚೆಲ್ಲಿತು. ಸಬೋನಿಸ್‌ರನ್ನು ಕೊಟ್ಟು ಗಾರ್ಡ್ ಟೈರೀಸ್ ಹ್ಯಾಲಿಬರ್ಟನ್‌ರನ್ನು ತಂದಿತು. ಕೊಟ್ಟದ್ದು ಯಾರಿಗೆ? ಮುಂಬೈಯ ಆ ಇನ್ನೊಂದು ತಂಡಕ್ಕೇ. ಮರುವರ್ಷವೇ ಸಬೋನಿಸ್ ರೀಬೌಂಡ್‌ನಲ್ಲಿ ಲೀಗಿಗೇ ಮೊದಲಿಗರಾದರು, ಸತತ ಹದಿನಾರು ಋತು ಹೊರಗುಳಿದ ಬಳಿಕ ಕಿಂಗ್ಸ್ ಪ್ಲೇಆಫ್ ಮುಟ್ಟಿತು. ಇತ್ತ ಟರ್ನರ್ ಏಕೈಕ ಸೆಂಟರ್ ಆಗಿ ಮೂರು ಪಾಯಿಂಟಿನ ಎಸೆತಗಳಲ್ಲಿ ಶೇಕಡಾ 40ರ ಹತ್ತಿರಕ್ಕೆ ಬಂದು, 2025ರ ಫೈನಲ್‌ವರೆಗೆ ತಂಡದ ಜೊತೆ ನಡೆದರು.

ಅಷ್ಟರಲ್ಲಿ ಜೋಡಿ ಪದ್ಧತಿ ಮತ್ತೆ ಚಿಗುರಿತ್ತು. ಕ್ಲೀವ್‌ಲ್ಯಾಂಡ್‌ನ ಜ್ಯಾರೆಟ್ ಆಲನ್, ಇವಾನ್ ಮೋಬ್ಲಿ 2023ರಲ್ಲಿ ನ್ಯೂಯಾರ್ಕ್ ಎದುರು ಇಕ್ಕಟ್ಟಿನಲ್ಲಿ ಸಿಕ್ಕಿ ಸೋತಿದ್ದರು. ಮೋಬ್ಲಿ ದೂರದ ಎಸೆತ ಪಳಗಿಸಿಕೊಂಡ ಮೇಲೆ, 2024–25ರಲ್ಲಿ ಅದೇ ತಂಡ 64 ಪಂದ್ಯ ಗೆದ್ದಿತು. ಒಕ್ಲಹೋಮಾ ಸಿಟಿಯಲ್ಲಿ ಬಡಕಲು ಮೈಯ ಚೆಟ್ ಹೋಮ್‌ಗ್ರೆನ್ ಪಕ್ಕಕ್ಕೆ ದಪ್ಪ ಹೆಗಲಿನ ಐಸಯಾ ಹಾರ್ಟೆನ್‌ಸ್ಟೈನ್ ಬಂದರು. 2025ರ ಫೈನಲ್‌ನ ಮೊದಲ ಮೂರು ಪಂದ್ಯಗಳಲ್ಲಿ ಕೋಚ್ ಯಾಕೋ ಹೆದರಿ ಹಾರ್ಟೆನ್‌ಸ್ಟೈನ್‌ರನ್ನು ಬೆಂಚಿನಿಂದ ಆಡಿಸಿದರು, ಸರಣಿಯಲ್ಲಿ 1–2ರಿಂದ ಹಿಂದೆ ಬಿದ್ದರು. ನಾಲ್ಕನೆಯದಕ್ಕೆ ಇಬ್ಬರನ್ನೂ ಮೊದಲಿಂದಲೇ ಇಳಿಸಿದರು, ಆ ಪಂದ್ಯ ಗೆದ್ದರು. ಏಳನೆಯದರಲ್ಲಿ ಕಪ್ಪೂ ಬಂತು. ಎದುರು ತಂಡದಲ್ಲಿ ಸೆಂಟರ್ ಜಾಗಕ್ಕೆ ಒಬ್ಬರೇ ನಿಂತಿದ್ದರು, ಮೈಲ್ಸ್ ಟರ್ನರ್.