ಹೋಟಲು ಹೂಡಿದವರ ಬಂಡವಾಳ

ಅರಸರ ದಂಡಯಾತ್ರೆಗಳನ್ನೂ ಗುಡಿಗೋಪುರಗಳನ್ನೂ ಕುರಿತು ಬರೆದಷ್ಟು ಆಸ್ಥೆಯಿಂದ ನಮ್ಮವರು ಅಂಗಡಿ ಮುಂಗಟ್ಟುಗಳ ಚರಿತ್ರೆಯನ್ನು ಬರೆದಿಲ್ಲ. ಪರಸ್ಥಳದಲ್ಲಿ ಕನ್ನಡಿಗನಿಗೆ ಮೊದಲು ಕನ್ನಡದ ಮಾತು ಕಿವಿಗೆ ಬೀಳುತ್ತಿದ್ದುದು ಎಷ್ಟೋ ವೇಳೆ ಹೋಟಲಿನಲ್ಲಿಯೇ ಎಂಬುದನ್ನು ನೆನೆದರೆ ಈ ಅನಾದರ ಸಲ್ಲದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕುಗಳು ಬೀದರ ಜಿಲ್ಲೆಗೂ ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಈ ಸೀಮೆಯ ಕಂಗ್ಟಿಯಂತಹ ಊರಿನ ತರುಣನೊಬ್ಬನು ಹೋಟಲು ತೆರೆಯುವ ಮಾತೆತ್ತಿದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ, "ದುಡ್ಡೆಲ್ಲಿ?" ಎಂಬುದು. ಈ ಉದ್ಯಮವನ್ನು ನಾಡಿನಲ್ಲಿ ನೆಲೆಗೊಳಿಸಿದವರ ಬಳಿ ಆರಂಭದಲ್ಲಿ ಏನಿತ್ತೆಂಬುದನ್ನು ನೋಡಿದರೆ ಆ ಪ್ರಶ್ನೆಗೆ ಒಂದು ಬಗೆಯ ಉತ್ತರ ದೊರೆಯುತ್ತದೆ.

ಉಡುಪಿಯ ಸುತ್ತಿನ ಹಳ್ಳಿಗಳಿಂದ ಹೊರಟವರಲ್ಲಿ ಬಹುಮಂದಿ ಬಡವರು. ಭೂಮಿ ಕಡಿಮೆ, ಬಾಯಿಗಳು ಹೆಚ್ಚು. ಅದರ ಮೇಲೆ 1923ರ ದೊಡ್ಡ ನೆರೆ. ಆದರೆ ಮಠಗಳ ಸಂತರ್ಪಣೆಗಳಲ್ಲಿ ಸಾವಿರಾರು ಎಲೆಗಳಿಗೆ ಹೊತ್ತಿಗೆ ಸರಿಯಾಗಿ ಅಡಿಗೆ ಮಾಡಿ ಬಡಿಸುವ ವಿದ್ಯೆ ಆ ಸೀಮೆಯಲ್ಲಿ ಪರಂಪರೆಯಿಂದ ಬಂದಿತ್ತು. ಕಡಂದಲೆಯ ಕೃಷ್ಣರಾಯರು ಮಠದಲ್ಲಿ ಸೇವೆ ಮಾಡಿ ಮದರಾಸಿಗೆ ಹೋದರು. ಅಲ್ಲಿ ಅನ್ಯರ ಹೋಟಲಿನಲ್ಲಿ ಕೆಳಗಿನ ಕೆಲಸದಿಂದಲೇ ತೊಡಗಿ, ಮುಂದೆ ತಾವು ದುಡಿದ ಸಣ್ಣ ಹೋಟಲಿಗೇ ಕಂತಿನ ಮೇಲೆ ಒಡೆಯರಾದರು. ಹಣವಿಲ್ಲದವನಿಗೆ ಕಂತಿನಲ್ಲಿ ಹೋಟಲು ಕೊಡುವವನು ಏನನ್ನು ನೋಡಿ ಕೊಟ್ಟಾನು? ನಡತೆಯನ್ನು ಮತ್ತು ಕೈಗುಣವನ್ನು. ಬಳಿಕ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ತೆರೆಯಿತು. 1938ರಲ್ಲಿ ರಾಯಪೇಟೆಯ 'ವುಡ್‌ಲ್ಯಾಂಡ್ಸ್' ಎಂಬ ಬಂಗಲೆಯನ್ನು ಬಾಡಿಗೆಗೆ ಹಿಡಿದು ವಸತಿಯ ಹೋಟಲನ್ನು ಆರಂಭಿಸಿದರು. ಮನೆಯ ಹೆಸರೇ ಹೋಟಲಿನ ಹೆಸರಾಯಿತು. ಕಟ್ಟಡ ಕಟ್ಟಿಸಲು ಹೊರಟಿದ್ದರೆ ಆ ಸಾಹಸ ನಡೆಯುತ್ತಿತ್ತೇ ಎಂಬುದು ಸಂದೇಹ.

ಬೆಂಗಳೂರಿನ ಮಯ್ಯ ಸಹೋದರರ ಕಥೆ ಇನ್ನೂ ವಿಚಾರಯೋಗ್ಯವಾದುದು. ಪಾರಂಪಳ್ಳಿಯಿಂದ ಬಂದ ಅವರು ಮೊದಲು ಗಣ್ಯರ ಮನೆಗಳಲ್ಲಿ ಅಡಿಗೆಯವರಾಗಿದ್ದು, 1924ರಲ್ಲಿ ಲಾಲ್‌ಬಾಗಿನ ಬಳಿ 'ಬ್ರಾಹ್ಮಣರ ಕಾಫಿ ಕ್ಲಬ್ಬ'ನ್ನು ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಆಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ದುರ್ಲಭವಾದಾಗ ರವೆಯ ಇಡ್ಲಿಯನ್ನು ಹೂಡಿದವರು ತಾವೇ ಎಂದು ಆ ಸಂಸ್ಥೆಯವರ ಹೇಳಿಕೆ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಉಪಾಹಾರಗೃಹಗಳನ್ನು ಕಂಡುಬಂದವರು; ಪಾತ್ರೆಗಳನ್ನು ಕುದಿಯುವ ಬಿಸಿಯಲ್ಲಿ ಶುದ್ಧಗೊಳಿಸುವ ಕ್ರಮವನ್ನು ತಂದರು. 1960ರಲ್ಲಿ ಹೊಸ ಕಟ್ಟಡಕ್ಕೆ ಬಂದ ಮೇಲೆ ಗಿರಾಕಿಯು ಅಡಿಗೆಮನೆಯನ್ನು ಕಂಡೇ ಒಳಗೆ ಬರುವಂತೆ ದಾರಿಯಿತ್ತು. ಬಚ್ಚಿಡುವುದೇನೂ ಇಲ್ಲದವನಿಗೆ ಮಾತ್ರ ಸಾಧ್ಯವಾದ ಜಾಹೀರಾತು ಅದು! ತುರ್ತುಪರಿಸ್ಥಿತಿಯ ಕಾಲದಲ್ಲಿ (1975-77) ಸರಕಾರ ತಿಂಡಿಗಳ ಬೆಲೆಯನ್ನು ಇಳಿಸಿದಾಗ, ಗುಣವನ್ನು ಇಳಿಸಲೊಲ್ಲದೆ ದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ತೂಗುಹಾಕಿ, ಕಡೆಗೆ ಬಾಗಿಲು ಮುಚ್ಚಿದರು. ಕೆಲಸಗಾರರನ್ನು ಬೀದಿಪಾಲು ಮಾಡದಿರಲು ಪಕ್ಕದಲ್ಲಿ ತಯಾರಿ ಹಿಟ್ಟು, ಪುಡಿಗಳ ಮಾರಾಟಕ್ಕೆ ತೊಡಗಿದರು. ಆ ಪುಡಿಗಳ ವ್ಯಾಪಾರವೇ ಬೆಳೆದು, 2007ರಲ್ಲಿ ನಾರ್ವೆಯ ಕಂಪೆನಿಯೊಂದು ಅದನ್ನು ಕೊಂಡಿತು; ಹೋಟಲು ಮನೆತನದಲ್ಲಿಯೇ ಉಳಿಯಿತು.

ಸ್ಥಳ ನಿರ್ಣಯಕ್ಕೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಒಂದು ನಿದರ್ಶನ: 1943ರಲ್ಲಿ ಸುತ್ತಲಿನ ಶಾಲಾ ಕಾಲೇಜುಗಳ ಹುಡುಗರನ್ನು ನಂಬಿ ತೆರೆದು, ಹೆಸರನ್ನೂ ಅವರದೇ ಇಟ್ಟುಕೊಂಡಿತು.

ಈ ಇತಿಹಾಸಕ್ಕೆ ಮಸುಕಾದ ಮುಖವೂ ಉಂಟು. ಅದನ್ನು ಮುಚ್ಚಿ ಹೊಗಳುವುದು ಚರಿತ್ರೆಯಲ್ಲ. ಅಂದಿನ ಅನೇಕ ಹೋಟಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ. ಅಸ್ಪೃಶ್ಯರೆನಿಸಿಕೊಂಡವರಿಗೆ ಬಾಗಿಲೇ ಇಲ್ಲ. ನಾಮಫಲಕದ ಮೇಲಿನ 'ಬ್ರಾಹ್ಮಣ' ಶಬ್ದದ ವಿರುದ್ಧ ಪೆರಿಯಾರರ ಅನುಯಾಯಿಗಳು 1957ರಲ್ಲಿ ಮದರಾಸಿನ ಮುರಳಿ ಕೆಫೆಯ ಎದುರಿನಲ್ಲಿ ಚಳವಳಿ ಹೂಡಬೇಕಾಯಿತು. ಹತ್ತು ಹನ್ನೆರಡು ವರ್ಷದ ಮಾಣಿಗಳು ಬೆಳಗಿನ ಜಾವದಿಂದ ರಾತ್ರಿಯವರೆಗೆ ಲೋಟ ತೊಳೆದು ಅಲ್ಲಿಯೇ ಮಲಗುತ್ತಿದ್ದರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಇಂತಹ ಹುಡುಗರ ಕೈಗೆ ಪುಸ್ತಕ ಕೊಟ್ಟವು. ಹೋಟಲಿನಿಂದ ಹಣ ಗಳಿಸಿದವರ ಹೆಸರುಗಳಿಗಿಂತ ಆ ಶಾಲೆಗಳ ಹೆಸರು ಹೆಚ್ಚು ಕಾಲ ನಿಲ್ಲುವ ಯೋಗ್ಯತೆಯುಳ್ಳದ್ದೆಂದು ನಮ್ಮ ಭಾವನೆ.

ನಮ್ಮ ಸೀಮೆಗೆ ಇಡ್ಲಿ ದೋಸೆಗಳೇ ಗತಿಯೆಂದು ತಿಳಿಯಬೇಕಾಗಿಲ್ಲ. ಧಾರವಾಡ, ವಿಜಯಪುರ, ಕಲಬುರ್ಗಿಗಳ ಖಾನಾವಳಿಯು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಗಳ ಮೇಲೆಯೇ ನಿಂತಿದೆ. ತಿಂಗಳ ಲೆಕ್ಕದ ಊಟಗಾರರನ್ನು ಮೊದಲೇ ಗೊತ್ತುಮಾಡಿಕೊಂಡರೆ ದಿನಕ್ಕೆ ಎಷ್ಟು ಹಿಟ್ಟು ನಾದಬೇಕೆಂಬುದು ಹಿಂದಿನ ರಾತ್ರಿಯೇ ತಿಳಿಯುತ್ತದೆ, ಪದಾರ್ಥ ಕೆಡುವುದಿಲ್ಲ. ಎಷ್ಟೋ ಕಡೆ ಖಾನಾವಳಿಯ ಒಡತಿಯರು ಹೆಂಗಸರೇ. ಬೇಳೆಗೆ ದೂರ ಹೋಗಬೇಕಿಲ್ಲ: ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ದೊರೆತಿದೆ. ಹೈದರಾಬಾದು-ಪುಣೆ ಹೆದ್ದಾರಿ ಜಹೀರಾಬಾದಿನ ಮೇಲೆಯೇ ಹಾಯುತ್ತದೆ. ಕಂಗ್ಟಿಯ ತರುಣನು ಮೊದಲು ಒಂದೆರಡು ವರ್ಷ ಬೀದರದಲ್ಲಿಯೋ ಕಲಬುರ್ಗಿಯಲ್ಲಿಯೋ ಒಳ್ಳೆಯ ಖಾನಾವಳಿಯೊಂದರ ಒಲೆಯ ಮುಂದೆ ನಿಂತು, ಅನಂತರ ಗಲ್ಲೆಯ ಬಳಿ ಕುಳಿತು ಉದ್ರಿಯ ಲೆಕ್ಕ ಕಲಿತು ಬರಲಿ. ಕಟ್ಟಡ ಬಾಡಿಗೆಯದಾಗಲಿ, ಪಂಕ್ತಿ ಎಲ್ಲರಿಗೂ ಒಂದೇ ಆಗಲಿ. ಫಲಕದ ಮೇಲೆ ತೆಲುಗಿನ ಜೊತೆಗೆ ಕನ್ನಡದಲ್ಲಿಯೂ ಹೆಸರು ಬರೆಸಲಿ. ಔರಾದಿನ ಕಡೆಯಿಂದ ಬರುವವರಿಗೆ ಅದು ದೂರದಿಂದಲೇ ಕಾಣುತ್ತದೆ.